ಬೆನ್ನ ಮೇಲಿನ ಹೂಗಳು

ಆಕೆ ಜಪಾನಿನವರು, ಅಣುಬಾಂಬಿನ ದಾಳಿಯಲ್ಲಿ ಬದುಕುಳಿದವರು. ಎಪ್ಪತ್ತರ ದಶಕದಲ್ಲೊಮ್ಮೆ ಮದ್ದೂರು ಸೀಮೆಯ ಶಾಲೆಗಳಿಗೆ ಬಂದು, ಅಂಥ ಬಾಂಬು ಎಲ್ಲಿಯೂ ಇರಬಾರದೆಂದು ದುಭಾಷಿಯ ಮೂಲಕ ಹೇಳುತ್ತಿದ್ದರು. ಕೊನೆಯಲ್ಲಿ ಮಾತ್ರ ಅಂಗೈ ಅಡ್ಡ ಹಿಡಿದು ತಾವೇ "ಇನ್ನು ಬೇಡ" ಅನ್ನುತ್ತಿದ್ದರು. ನಾವು ಊಟ ಬಡಿಸುವಾಗ ಅವರು ಕಲಿತ ಕನ್ನಡ ಅದು.

ಹನಕೆರೆಯ ನಮ್ಮ ಮನೆಯಲ್ಲಿ ಉಳಿದಾಗ ಅತ್ತೆ ಅವರನ್ನು ಎಣ್ಣೆಸ್ನಾನಕ್ಕೆ ಕೂರಿಸಿದರು. ಬೆನ್ನ ತುಂಬ ಕಪ್ಪು ಹೂಗಳು.

"ಎಷ್ಟ್ ಚೆಂದಾಗಿ ಅಚ್ಚೆ ಉಯ್ಸ್ಕಂಡಿದ್ದೀಯವ್ವಾ!" ಅಂದರು ಅತ್ತೆ.

ಆಕೆ ಅತ್ತೆಯ ಸೆರಗಿನ ಹೂವನ್ನು ಮುಟ್ಟಿದರು, ತಮ್ಮ ಬೆನ್ನು ಮುಟ್ಟಿದರು, ಬೆರಳನ್ನು ಮೇಲಕ್ಕೆತ್ತಿದರು. ಅಂದು ತೊಟ್ಟಿದ್ದ ಬಟ್ಟೆಯ ಹೂಗಳು ಬಾಂಬಿನ ಬೆಳಕಿಗೆ ಚರ್ಮದಲ್ಲೇ ಸುಟ್ಟು ಕೂತಿದ್ದವು.

ಅತ್ತೆ ಎಣ್ಣೆಗೈ ಒರೆಸಿಕೊಂಡರು. ಆಕೆಗೆ ಉಡಿಸಲೆಂದು ತೆಗೆದಿಟ್ಟಿದ್ದ ಹೂವಿನ ಸೀರೆಯನ್ನು ನನ್ನತ್ತ ತಳ್ಳಿದರು.

"ಇದ್ನ ಒಳೀಕ್ ಮಡಗು. ಊವಿಲ್ದಿರೋ ಸೀರೆ ತಗಂಬಾ."