ಚಂದ್ರಿಯನ್ನು ಜರ್ಮನಿಗೆ ಕಳಿಸಿದ ಓಣಿ

ಜರ್ಮನಿಯ ನಮ್ಮ ಬೀದಿಯ ಅಂಗಡಿಯೊಂದರಲ್ಲಿ ನಿನ್ನೆ ತೂಕದ ಯಂತ್ರ ಮಾರಾಟಕ್ಕಿತ್ತು. ಕಂಡದ್ದೇ ತಡ, ಒಬ್ಬಳೇ ನಿಂತು ನಗತೊಡಗಿದೆ. ಪಕ್ಕದ ಹೆಂಗಸು ತುಸು ಸರಿದು ನಿಂತಳು. ಅವಳಿಗೆ ಏನಂತ ಹೇಳಲಿ? ನಿಮಗಾದರೆ ಹೇಳಬಹುದು.

ಚಂದ್ರಿ ನನ್ನ ಬೆಕ್ಕು. ಸುರಪುರದ ಅಕ್ಕನ ಮನೆಯಲ್ಲಿ ಹತ್ತಿ ಮೂಟೆಗಳ ನಡುವೆ ಹುಟ್ಟಿದವಳು. ನರ್ಸ್ ಕೆಲಸದವಳು ನಾನು. ದಿನವಿಡೀ ಮಂದಿಯ ನರಳಾಟ ಕೇಳಿ ಮನೆಗೆ ಬಂದರೆ, ಏನೂ ಕೇಳದೆ ತೊಡೆಯೇರಿ ಕೂರುವ ಜೀವ ಅವಳೊಬ್ಬಳೇ. ಜರ್ಮನಿಯಲ್ಲಿ ಕೆಲಸ ಸಿಕ್ಕಾಗ, ಅವಳನ್ನು ಬಿಟ್ಟು ಹೋಗುವುದಿಲ್ಲ ಎಂದುಬಿಟ್ಟೆ.

“ಮದಿವಿ ಮಾಡ್ಕೊ ಅಂದ್ರ ಒಲ್ಲಿ, ಬೆಕ್ಕು ಕಟಗೊಂಡು ಹೊಂಟಿ,” ಎಂದು ಅಕ್ಕ ಹಣೆ ಬಡಿದುಕೊಂಡಳು.

ಚುಚ್ಚುಮದ್ದಿಗೆ ಶಹಾಪುರದ ದನದ ದವಾಖಾನೆಗೆ ಹೋದೆವು. ಸಾಲಿನಲ್ಲಿ ಕುರಿ ಹಿಡಿದು ನಿಂತಿದ್ದ ಮುದುಕ ಕೇಳಿದ: “ಇದು ಎಲ್ಲಿಗಿ ಹೊಂಟದ ಬೇ?”

“ಜರ್ಮನಿಗ್ರಿ.”

“ನಮ್ಮವು ಯಾದಗಿರಿ ಸಂತಿಗೂ ಒಲ್ಲೆ ಅಂತಾವ,” ಎಂದು ಆತ ತನ್ನ ಕುರಿಯನ್ನೇ ಗುರಾಯಿಸಿದ.

ವಿಮಾನದವರ ನಿಯಮವೊಂದಿತ್ತು: ಪಂಜರ ಸಮೇತ ತೂಗುತ್ತಾರೆ, ಮಿತಿ ಮೀರಿದರೆ ಬೆಕ್ಕು ಊರಿಗೆ ವಾಪಸ್. ಚಂದ್ರಿಯೋ ಮೊದಲೇ ಗುಂಡಮ್ಮ. ನಾನು ನರ್ಸಮ್ಮನ ಗತ್ತಿನಲ್ಲಿ ಪಥ್ಯ ಶುರು ಮಾಡಿದೆ. ಆದರೆ ನಮ್ಮ ಕಡೆ ಗಂಡನ ಮನೆಗೆ ಹೊರಟ ಹುಡುಗಿಯನ್ನು ಓಣಿಯವರೆಲ್ಲ ಮನೆಮನೆಗೆ ಕರೆದು ಉಣಿಸಿಯೇ ಕಳಿಸುವುದು. ಚಂದ್ರಿಗೂ ಅದೇ ಮರ್ಯಾದೆ ಸಿಕ್ಕಿತು. ದಿನಾ ಸಂಜೆ ಮೀಸೆಗೆ ಕೆನೆ ಹಚ್ಚಿಕೊಂಡು ಬರುತ್ತಿದ್ದಳು. ಸಿಟ್ಟಿನಿಂದ ಎದುರುಮನೆಯ ಶರಣಮ್ಮನನ್ನು ಕೇಳಿದರೆ, “ಹೆಣ್ಣುಮಗಳು ಪರದೇಶಕ್ಕ ಹೊಂಟಾಳ, ಬರೀ ಹೊಟ್ಟಿಲೆ ಹೆಂಗ ಕಳಸಬೇಕು?” ಎಂದಳು.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಅಕ್ಕ ಹೊರಗೇ ಉಳಿದಳು. ಒಳಗೆ ಪಂಜರವನ್ನು ತಕ್ಕಡಿಗಿಟ್ಟರೆ ತೂಕ ಮಿತಿ ದಾಟಿತ್ತು. ಕೌಂಟರಿನ ಹುಡುಗ ತಲೆಯಾಡಿಸಿ, ಹೊರಗಿದ್ದವರ ಕೈಗೆ ಬೆಕ್ಕನ್ನು ಕೊಟ್ಟು ಬನ್ನಿ ಎಂದ. ನೌಕರಿ ಹಾಳಾಗಲಿ, ನಾನೂ ವಾಪಸ್ ಹೋಗುತ್ತೇನೆ ಎಂದುಕೊಂಡು ಅವಳನ್ನು ಸಮಾಧಾನಪಡಿಸಲು ಪಂಜರದೊಳಗೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ದಪ್ಪನೆಯ ಕೌದಿ. “ಆಕಿಗಿ ಅಲ್ಲಿ ಥಂಡಿ ಹತ್ತತದ,” ಎಂದು ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದು ಅಕ್ಕನೇ ಹಾಸಿದ್ದಳು.

ಸರ್ರನೆ ಅದನ್ನು ಎಳೆದು ನನ್ನ ಹೆಗಲ ಮೇಲೆ ಹೊದ್ದೆ. “ಈಗ ತೂಗ್ರಿ. ನನ್ನ ತೂಗಂಗಿಲ್ಲಲ್ಲ?” ಎಂದೆ. ಭಾಷೆ ತಿಳಿಯಿತೋ ಇಲ್ಲವೋ, ಹುಡುಗ ತಕ್ಕಡಿ ನೋಡಿ ನಕ್ಕು ಚೀಟಿ ಅಂಟಿಸಿದ. ಬಣ್ಣಬಣ್ಣದ ಕೌದಿ ಹೊದ್ದು, ಕೈಯಲ್ಲಿ ಚಂದ್ರಿಯನ್ನು ಹಿಡಿದು, ಸೂಟು ಬೂಟಿನವರ ನಡುವೆ ನಡೆದೆ ನೋಡಿ. ಅಷ್ಟು ಜಂಬ ನನಗೆ ಅದುವರೆಗೆ ಯಾವತ್ತೂ ಬಂದಿರಲಿಲ್ಲ.

ನಿನ್ನೆ ಆ ಯಂತ್ರವನ್ನು ಕೊಳ್ಳದೆ ಮನೆಗೆ ಬಂದೆ. ಅಷ್ಟರಲ್ಲಿ ಊರಿನಿಂದ ವಿಡಿಯೋ ಕಾಲ್. ಅಕ್ಕನ ಹಿಂದೆ ಇಡೀ ಓಣಿಯೇ ನೆರೆದಿತ್ತು. ಅರಾಮದೀರೇನು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಶರಣಮ್ಮ ಮುಖ ತೂರಿಸಿದಳು.

“ನಿನ್ನ ಮಾರಿ ಸಾಕು, ಸರಿ ಆ ಕಡಿ. ನಮ್ಮ ಹುಡುಗಿನ್ನ ತೋರಸು.”