ಮುಂದಿನ ಗಾಲಿಗಳ ಗುಂಯ್ ಸದ್ದು

ಗೆಳತಿಯರೇ, ಮದುವೆಯಾದ ಮೇಲೆ ಇವತ್ತೇ ಮೊದಲ ಸಲ ಗಂಡನ ಲಾರಿಯಲ್ಲಿ ಭಾಲ್ಕಿಯಿಂದ ಔರಾದಿನ ತವರಿಗೆ ಹೊರಟೆ. ವೇಗ ಏರುತ್ತಲೇ ಮುಂದಿನ ಗಾಲಿಗಳಿಂದ ಗುಂಯ್ ಎಂಬ ಸದ್ದು!

“ಬೇರಿಂಗ್ ಹೋಗ್ಯಾವ. ವಾಪಸ್ ಹೋಗೋಣು,” ಎಂದರು ಇವರು.

“ಅವ್ವ ಹೋಳಿಗಿ ಮಾಡಿ ಕಾಯ್ಲತ್ತಾಳ್ರಿ!”

ಪಾಪ, ಜಾಕ್ ಹಚ್ಚಿ ಗಾಲಿ ತಿರುಗಿಸಿದರು. ಸದ್ದೇ ಇಲ್ಲ. ನಾನೂ ಬಗ್ಗಿ ನೋಡಿದೆ. ಬಂಪರಿನ ಕೆಳಗೆ ಬಿಗಿಯಾಗಿ ಕಟ್ಟಿದ ಮದುವೆಯ ರಿಬ್ಬನ್! ಬೆರಳಿನಿಂದ ಮೀಟಿದೆ: ಗುಂಯ್! ಗಾಳಿ ಬಡಿದಾಗ ಇದೇ ಸದ್ದು ಮಾಡುತ್ತಿತ್ತು.

“ಬಿಚ್ಚಿಬಿಡ್ರಿ.”

“ನೀ ತವರಿಗಿ ಹೋಗಿ ಬರೋತನಕ ಬಿಚ್ಚಬ್ಯಾಡ ಅಂದಾಳ ನಮ್ಮವ್ವ.”

ನಗುತ್ತಾ, ಗುಂಯ್‌ಗುಡುತ್ತಲೇ ಮನೆ ಮುಟ್ಟಿದೆವು. ಅಪ್ಪ ಓಡಿ ಬಂದರು: “ಅಳಿಯಂದಿರೇ, ಬೇರಿಂಗ್ ಹೋಗ್ಯಾವ ನೋಡ್ರಿ!”

ಹೋಳಿಗೆ ಆರುತ್ತಿದೆ. ಅಪ್ಪ ಇನ್ನೂ ಲಾರಿಯ ಕೆಳಗಿದ್ದಾರೆ.