ಇದ್ದಿಲ ಬಸ್ಸು ನಿಲ್ಲಿಸಿದ ದೊಡ್ಡವ್ವ

ನಮ್ಮೂರಲ್ಲಿ ಎಷ್ಟು ಜನ ಎಂದು ಕೇಳಿದರೆ ಸಣ್ಣಮ್ಮ ಎಂಬ ಹೆಸರಿನ ನನ್ನ ದೊಡ್ಡವ್ವ ಬಸುರಿಯರ ಹೊಟ್ಟೆಯೊಳಗಿನ ಕೂಸುಗಳನ್ನೂ ಸೇರಿಸಿಯೇ ಹೇಳುತ್ತಿದ್ದಳು. ಜನಗಣತಿಗೆ ಬಂದ ಮೇಷ್ಟರು, "ಹುಟ್ಟದೇ ಇರೋರನ್ನ ಬರೆಯೋ ಹಾಗಿಲ್ಲಮ್ಮ" ಎಂದಾಗ ಸೊಂಟದ ಮೇಲೆ ಕೈಯಿಟ್ಟು ಕೇಳಿದ್ದಳು: "ಬರೋ ನೆಂಟ್ರನ್ನೂ ಸೇರ್ಸಿ ಎಸರು ಇಡಾಕಿಲ್ವ ಸೋಮಿ? ಅಂಗೇ ಕಣ್ರೀ ಇದೂವೆ." ಮೇಷ್ಟರು ಮಜ್ಜಿಗೆ ಕುಡಿದು ನಗುತ್ತ ಎದ್ದರು.

ಎಷ್ಟು ಸೇರಿಸಿದರೂ ನಮ್ಮೂರು ದೊಡ್ಡದಾಗುತ್ತಿರಲಿಲ್ಲ. ಕಂಪಲಾಪುರಕ್ಕೆ ಎರಡು ಮೈಲಿ ಈಚೆ, ಏರಿನ ಬುಡದಲ್ಲಿ ಹತ್ತು ಹನ್ನೆರಡು ಮನೆ. ಬೆಳಿಗ್ಗೆ ಎದ್ದು ಸೂರುಗಳ ಹೊಗೆ ನೋಡಿಯೇ ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲವೆಂದು ದೊಡ್ಡವ್ವ ಹೇಳಿಬಿಡುತ್ತಿದ್ದಳು. ಹುಣಸೂರಿನ ಬಸ್ಸು ದಿನವೂ ನಮ್ಮ ಮೇಲೆ ಧೂಳು ಹಾರಿಸಿ ಹೋಗುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ.

ಆ ವರ್ಷ ಅವಳ ಮಗಳು ನಿಂಗಿ ಹುಣಸೂರಿನ ಗಂಡನ ಮನೆಯಲ್ಲಿ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಕರೆತರಬೇಕು. ಹೊಂಡ ಬಿದ್ದ ದಾರಿಯಲ್ಲಿ ಎತ್ತಿನ ಗಾಡಿ ಕುಲುಕಿದರೆ ಏನು ಗತಿ? ಬಸ್ಸಿನಲ್ಲಿ ಬಂದರೆ ಕಂಪಲಾಪುರದಲ್ಲಿಳಿದು ಅಷ್ಟು ದೂರ ಹಿಂದಕ್ಕೆ ನಡೆಯಬೇಕು. ದೊಡ್ಡವ್ವ ಸಂತೆಯ ದಿನ ಕಂಪಲಾಪುರಕ್ಕೆ ಹೋಗಿ, ನಮ್ಮೂರಲ್ಲಿ ಬಸ್ಸು ನಿಲ್ಲಿಸೆಂದು ಕಂಡಕ್ಟರ್ ರಾಚಪ್ಪನನ್ನೇ ಕೇಳಿದಳು.

"ನಿಮ್ಮೂರೋರೆಲ್ಲ ಅತ್ತುದ್ರೂ ನನ್ ಬಸ್ಸು ತುಂಬಾಕಿಲ್ಲ ಕಣವ್ವ. ಅಷ್ಟಕ್ಕೆ ಯಾವನು ನಿಲ್ಲುಸ್ತಾನೆ?" ಎಂದ ಅವನು.

"ಆಗ್ಲಿ ಬುಡಪ್ಪ, ನೋಡಾವ" ಎಂದು ಬಂದುಬಿಟ್ಟಳು.

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸು ಬೆನ್ನಿಗೊಂದು ಪೀಪಾಯಿ ಕಟ್ಟಿಕೊಂಡು, ಅದರೊಳಗೆ ಉರಿಯುವ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿತ್ತು. ಒಂದು ದಿನ ನಮ್ಮ ಏರು ಶುರುವಾಗುವಲ್ಲೇ ದಮ್ಮು ಹತ್ತಿದ ಮುದುಕನಂತೆ ನಿಂತುಹೋಯಿತು. ಪ್ರಯಾಣಿಕರು ಇಳಿದು ತಳ್ಳಿದರೂ ಕದಲಲಿಲ್ಲ. ರಾಚಪ್ಪ ನಮ್ಮ ರಾಗಿ ಹೊಲದತ್ತ ಕೈಬೀಸಿ ಕೂಗಿದ. ಕುಡುಗೋಲು ಕೆಳಗಿಟ್ಟು ಎಲ್ಲರೂ ಹೋದೆವು. ಎಲ್ಲರಿಗಿಂತ ಮುಂದೆ ಹೋದ ದೊಡ್ಡವ್ವ ಮೈಲಿಗಲ್ಲಿನ ಮೇಲೆ ಕೂತು ಎಲೆಅಡಿಕೆ ಚೀಲ ಬಿಚ್ಚಿದಳು.

"ನಾವು ಜನ ಕಮ್ಮಿ ಕಣ್ಲಾ ರಾಚಪ್ಪ. ನಮ್ ಕೈಲಿ ಎಲ್ಲಾದದು?"

"ತಪ್ಪಾಯ್ತು ಕಣವ್ವ. ವಸಿ ಕೈ ಆಕ್ಸು."

"ನಮ್ಮೂರ್ತಾವ ನಿಲ್ಲುಸ್ತೀಯಾ?"

"ನಿಲ್ಲುಸ್ತೀನಿ."

"ಸಂತೆ ದಿನ ಮಾತ್ರವೋ, ದಿನಾಲೂವೋ?"

ಬಸ್ಸಿನಿಂದ ಇಳಿಯದೆ ಕೂತಿದ್ದ ಮುದುಕನೊಬ್ಬ, "ದಿನಾಲೂ ಅನ್ನಲಾ, ಒತ್ತು ಮುಳುಗ್ತದೆ" ಎಂದು ಗದರಿದ.

"ದಿನಾಲೂ ಕಣವ್ವ" ಎಂದ ರಾಚಪ್ಪ.

ದೊಡ್ಡವ್ವ ಸೆರಗು ಸಿಕ್ಕಿಸಿ ಎದ್ದಳು. ಮುದುಕರು, ಹೆಂಗಸರು, ಹರೆಯದವನಾದ ನಾನು, ಎಲ್ಲರೂ ಬಸ್ಸಿನ ಬೆನ್ನಿಗೆ ಬಿದ್ದೆವು. ಅದು ಕೆಮ್ಮಿ ಕೆಮ್ಮಿ ಏರು ಹತ್ತಿತು. ಮಸಿ ಮೆತ್ತಿದ ಮುಖಗಳನ್ನು ನೋಡಿಕೊಂಡು ನಾವು ನಕ್ಕಿದ್ದೇ ನಕ್ಕಿದ್ದು.

ಮುಂದಿನ ವಾರ ಬಸ್ಸು ಆ ಕಲ್ಲಿನ ಬಳಿ ತಾನಾಗಿ ನಿಂತಿತು. ನಿಂಗಿ ಮೆಲ್ಲಗೆ ಇಳಿದಳು.

"ಒಬ್ರು ಇಳುದ್ರು, ರೈಟ್" ಎಂದ ರಾಚಪ್ಪ.

"ಇಬ್ರು ಕಣ್ಲಾ" ಎಂದಳು ದೊಡ್ಡವ್ವ, ಮಗಳ ಹೊಟ್ಟೆ ಸವರುತ್ತ. ಆಮೇಲೆ ನಾವೆಲ್ಲ ಮತ್ತೆ ಬಸ್ಸಿಗೆ ಹೆಗಲು ಕೊಟ್ಟೆವು; ಅಂದಿನಿಂದ ಅದೇ ವಾಡಿಕೆಯಾಯಿತು.

ಯುದ್ಧ ಮುಗಿದು ಪೆಟ್ರೋಲು ಬಂತು. ಏರು ಹತ್ತಲು ಬಸ್ಸಿಗೆ ನಮ್ಮ ಹಂಗಿರಲಿಲ್ಲ. ಆದರೂ ದೊಡ್ಡವ್ವ ಕಲ್ಲಿನ ಮೇಲೆ ಕೂತಿರುತ್ತಿದ್ದಳು, ಬಸ್ಸು ನಿಲ್ಲುತ್ತಿತ್ತು. ಅವಳು ತೀರಿಕೊಂಡ ಮೇಲೆ ನಿಲ್ಲುತ್ತದೋ ಇಲ್ಲವೋ ಎಂಬ ಅಳುಕಿನಲ್ಲೇ ನಾನೂ ನನ್ನ ಹೆಂಡತಿಯೂ ಅಲ್ಲಿ ಕಾದಿದ್ದೆವು. ಅವಳನ್ನು ಹೆರಿಗೆಗೆ ಪಿರಿಯಾಪಟ್ಟಣದ ತವರಿಗೆ ಬಿಡಬೇಕಿತ್ತು.

ಬಸ್ಸು ನಿಂತಿತು. ರಾಚಪ್ಪ ಖಾಲಿ ಮೈಲಿಗಲ್ಲನ್ನು ಒಂದು ಗಳಿಗೆ ನೋಡಿದ. ನನ್ನ ಹೆಂಡತಿಯನ್ನು ನೋಡಿದ. ಮತ್ತೆ ಒಳಗೆ ತಿರುಗಿ ಕೂಗಿದ:

"ಮೂರು ಜನ ಬತ್ತಾವ್ರೆ, ವಸಿ ಸರ್ಕೊಳ್ರಪ್ಪ."

ಟಿಕೆಟ್ಟು ಮಾತ್ರ ಎರಡೇ ಹರಿದ.